ಅಮೆರಿಕದ ಕಚೇರಿಗಳಲ್ಲಿ ಕಪ್ಪು ಮಹಿಳೆಯರು: ಗಟ್ಟಿತನ, ತನ್ನತನ ಮತ್ತು ಅವುಗಳ ಬೆಲೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಅಮೆರಿಕದಲ್ಲಿ ಕೆಲಸ ಮಾಡುವ, ಅಲ್ಲಿ ತಂಡ ನಡೆಸುವ, ಓದಲು ಹೊರಟಿರುವ ಕನ್ನಡಿಗರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕಾನೂನಿನ ವಿವರಗಳು ಅಮೆರಿಕದ್ದು, 2025ರ ಮಧ್ಯದವರೆಗಿನವು. ಗಡುವಿನ ವಿಷಯ ಬಂದಾಗ ಈ ಪುಟವನ್ನೇ ನಂಬಿಕೊಂಡು ಕೂರಬೇಡಿ, ವಕೀಲರನ್ನು ಕೇಳಿ.

‘ಕಪ್ಪು ಮಹಿಳೆ’ ಎನ್ನಬಹುದೇ?

ಎನ್ನಬಹುದು. ಅವರು ತಮ್ಮನ್ನು ‘ಬ್ಲ್ಯಾಕ್’ ಎಂದೇ ಕರೆದುಕೊಳ್ಳುತ್ತಾರೆ. ‘ಆಫ್ರಿಕನ್ ಅಮೆರಿಕನ್’ ಎಂದರೆ ಹೆಚ್ಚಾಗಿ ಗುಲಾಮಗಿರಿಯ ಕಾಲದಿಂದ ಅಲ್ಲೇ ಇರುವ ಮನೆತನಗಳು ನೆನಪಾಗುತ್ತವೆ. ಹೈಟಿ, ಜಮೈಕಾ, ನೈಜೀರಿಯಾದಿಂದ ಬಂದ ಸಹೋದ್ಯೋಗಿಗೆ ಆ ಹೆಸರು ಒಪ್ಪಿಗೆಯಾಗಬೇಕೆಂದಿಲ್ಲ. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿದ್ದ ‘ನೀಗ್ರೊ’ ಬೇಡ. ಮನೆಯಲ್ಲಿ ಕನ್ನಡದಲ್ಲಿ ಮಾತಾಡುವಾಗಲೂ ‘ಕರಿಯರು’ ಬೇಡ. ಪಕ್ಕದವರಿಗೆ ಕನ್ನಡ ಬರುವುದಿಲ್ಲ, ಆದರೆ ಧ್ವನಿ ಅರ್ಥವಾಗುತ್ತದೆ.

ವರ್ಣಭೇದಕ್ಕೆ ಒಂದು ಕಾನೂನು, ಲಿಂಗಭೇದಕ್ಕೆ ಒಂದು ಕಾನೂನು ಇದೆಯಲ್ಲ. ಕಪ್ಪು ಮಹಿಳೆಯರ ವಿಷಯ ಬೇರೆಯಾಗಿ ಏಕೆ?

ಜನರಲ್ ಮೋಟರ್ಸ್ ಮೊಕದ್ದಮೆಯನ್ನು ನೋಡಿದರೆ ಬೇಗ ತಿಳಿಯುತ್ತದೆ. ಎಮ್ಮಾ ಡಿಗ್ರಾಫೆನ್‌ರೀಡ್ ಮತ್ತು ಇನ್ನು ನಾಲ್ವರು ಕಪ್ಪು ಮಹಿಳೆಯರು ಕಂಪನಿಯ ವಿರುದ್ಧ ಕೋರ್ಟಿಗೆ ಹೋದರು. 1964ಕ್ಕೆ ಮೊದಲು ಆ ಕಾರ್ಖಾನೆ ಕಪ್ಪು ಮಹಿಳೆಯರನ್ನು ಹೆಚ್ಚುಕಡಿಮೆ ಕೆಲಸಕ್ಕೆ ತೆಗೆದುಕೊಂಡೇ ಇರಲಿಲ್ಲ. 1970ರ ದಶಕದ ಹಿಂಜರಿತದಲ್ಲಿ ‘ಕೊನೆಗೆ ಬಂದವರು ಮೊದಲು ಹೊರಗೆ’ ಎಂಬ ಸೇವಾಹಿರಿತನದ ನಿಯಮದಡಿ ಕೆಲಸಗಾರರನ್ನು ಬಿಡಿಸಿದಾಗ, ತಡವಾಗಿ ಒಳಬಂದ ಇವರೇ ಹೊರಬಿದ್ದರು. 1976ರಲ್ಲಿ ಮಿಸೌರಿಯ ಜಿಲ್ಲಾ ಕೋರ್ಟು ಕೇಳಿದ ಪ್ರಶ್ನೆಗಳು ಎರಡೇ. ಕಂಪನಿ ಮಹಿಳೆಯರನ್ನು ತೆಗೆದುಕೊಂಡಿತ್ತೇ? ತೆಗೆದುಕೊಂಡಿತ್ತು, ಅವರು ಬಿಳಿಯರು. ಕಪ್ಪು ಜನರನ್ನು ತೆಗೆದುಕೊಂಡಿತ್ತೇ? ತೆಗೆದುಕೊಂಡಿತ್ತು, ಅವರು ಗಂಡಸರು. ಎರಡನ್ನೂ ಕೂಡಿಸಿ ಹೊಸದೊಂದು ವರ್ಗವನ್ನು ಹುಟ್ಟಿಸಲಾಗದು ಎಂದಿತು ಕೋರ್ಟು.

1980ರಲ್ಲಿ ಜೆಫರೀಸ್ ಪ್ರಕರಣದಲ್ಲಿ ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಕಪ್ಪು ಮಹಿಳೆಯರ ಮೇಲಿನ ತಾರತಮ್ಯ ಅದಾಗಿಯೇ ಒಂದು ತಾರತಮ್ಯ ಎಂದು ಒಪ್ಪಿತು. ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಈ ತೀರ್ಪುಗಳನ್ನೇ ಎದುರಿಗಿಟ್ಟುಕೊಂಡು ‘ಇಂಟರ್‌ಸೆಕ್ಷನಾಲಿಟಿ’ ಎಂಬ ಪದ ಕೊಟ್ಟರು. ನಾಲ್ಕು ರಸ್ತೆ ಕೂಡುವಲ್ಲಿ ನಿಂತವಳಿಗೆ ಯಾವ ಕಡೆಯಿಂದಲೂ ಗಾಡಿ ಬಡಿಯಬಹುದು ಎಂಬುದು ಅವರ ಹೋಲಿಕೆ. ಆ ಪದ ಈಗ ಎಲ್ಲೆಂದರಲ್ಲಿ ಓಡಾಡುತ್ತಿದೆ. ಅದು ಹುಟ್ಟಿದ್ದು ಕೆಲಸದಿಂದ ತೆಗೆದವರ ಪಟ್ಟಿಯೊಂದರಿಂದ ಎಂಬುದು ಹೆಚ್ಚಿನವರಿಗೆ ನೆನಪಿಲ್ಲ.

‘ಗಟ್ಟಿಗಿತ್ತಿ’ ಎನ್ನುವುದು ಹೊಗಳಿಕೆ ತಾನೆ? ಅದರಲ್ಲಿ ತಪ್ಪೇನು?

ಹೊಗಳಿಕೆಯೇ. ಕಷ್ಟವೆಂದರೆ, ಆ ಹೊಗಳಿಕೆ ಬಂದ ಕಡೆ ಸಹಾಯ ಬರುವುದು ನಿಲ್ಲುತ್ತದೆ. ಇಬ್ಬರು ಮಾಡುವ ಕೆಲಸವನ್ನು ಒಬ್ಬಳು ಆರು ತಿಂಗಳು ಮಾಡಿ ಮುಗಿಸಿದರೆ, ಮ್ಯಾನೇಜರಿಗೆ ಎರಡನೆಯವರನ್ನು ನೇಮಿಸುವ ಅಗತ್ಯವೇ ಕಾಣುವುದಿಲ್ಲ. ‘ಆಕೆ ತಾಳಿಕೊಳ್ಳುತ್ತಾಳೆ’ ಎಂಬುದೇ ಯೋಜನೆಯ ಭಾಗವಾಗಿಬಿಡುತ್ತದೆ.

ನರ್ಸಿಂಗ್ ಸಂಶೋಧಕಿ ಶೆರಿಲ್ ವುಡ್ಸ್-ಜಿಸ್ಕೋಂಬೆ 2010ರಲ್ಲಿ ಇದನ್ನು ಬಿಡಿಸಿಟ್ಟರು. ಕಪ್ಪು ಮಹಿಳೆಯರ ಜೊತೆ ಮಾತಾಡಿ ಅವರು ಗುರುತಿಸಿದ್ದು ಐದು ಎಳೆಗಳನ್ನು: ಸದಾ ಗಟ್ಟಿಯಾಗಿ ಕಾಣಬೇಕು, ಭಾವನೆ ಅದುಮಿಡಬೇಕು, ಯಾರ ಮೇಲೂ ಒರಗಬಾರದು, ಅನುಕೂಲ ಇಲ್ಲದಿದ್ದರೂ ಗೆಲ್ಲಬೇಕು, ತನ್ನದು ಬಿಟ್ಟು ಬೇರೆಯವರದ್ದು ನೋಡಬೇಕು. ಇದೇ ಗುಣದಿಂದ ಸಂಸಾರಗಳು, ಚರ್ಚುಗಳು, ಸಂಘಗಳು ಉಳಿದಿವೆ. ನಿದ್ದೆಗೆಡುವುದು, ಡಾಕ್ಟರ ಬಳಿ ಹೋಗುವುದನ್ನು ಮುಂದೂಡುವುದು, ಒತ್ತಡಕ್ಕೆ ತಿನ್ನುವುದು ಇವೂ ಅದರ ಜೊತೆಗೇ ಬರುತ್ತವೆ.

ಇದಕ್ಕೂ ಮೊದಲು, 1992ರಲ್ಲಿ, ಆರ್ಲೀನ್ ಜೆರೊನಿಮಸ್ ‘ವೆದರಿಂಗ್’ ಎಂಬ ಊಹನೆ ಮುಂದಿಟ್ಟಿದ್ದರು. ಬಿಸಿಲು ಮಳೆಗೆ ಒಡ್ಡಿದ ಮರ ಸವೆಯುವಂತೆ ದೇಹ ಸವೆಯುವುದು ಎಂದರ್ಥ. ಬಿಳಿ ಮಹಿಳೆಯರಲ್ಲಿ ಹದಿಹರೆಯಕ್ಕಿಂತ ಇಪ್ಪತ್ತರ ಹರೆಯದ ಹೆರಿಗೆಗಳಲ್ಲಿ ಶಿಶುಗಳ ಸ್ಥಿತಿ ಚೆನ್ನಾಗಿರುತ್ತದೆ. ಕಪ್ಪು ಮಹಿಳೆಯರಲ್ಲಿ ಅದು ಉಲ್ಟಾ ಇರುವುದನ್ನು ಕಂಡು, ವರ್ಷಗಳ ತಾರತಮ್ಯ ಕೂಡುತ್ತ ಹೋದಂತೆ ಆರೋಗ್ಯ ಬೇಗ ಕುಸಿಯುತ್ತದೆ ಎಂದು ಅವರು ವಾದಿಸಿದರು.

ಆದ್ದರಿಂದ ‘ಗಟ್ಟಿತನ ಬೆಳೆಸುವ’ ಅರ್ಧ ದಿನದ ತರಬೇತಿಯ ಬಗ್ಗೆ ನಮಗೆ ಗೌರವ ಕಡಿಮೆ. ಸೋರುವ ಮಾಡಿನ ಕೆಳಗೆ ಕೂತವರಿಗೆ ಕೊಡೆ ಹಿಡಿಯುವುದು ಹೇಗೆಂದು ಕಲಿಸಿದ ಹಾಗೆ. ಮೊದಲು ನೋಡಬೇಕಾದ್ದು ಕೆಲಸದ ಹಂಚಿಕೆ.

ಹಾಗಿದ್ದರೆ ಈ ಗಟ್ಟಿತನ ಬರೀ ಸಹನೆಯೇ?

1881ರ ಅಟ್ಲಾಂಟಾ ಬೇರೆಯೇ ಕಥೆ ಹೇಳುತ್ತದೆ. ಜುಲೈನಲ್ಲಿ ಸುಮಾರು 20 ಜನ ಬಟ್ಟೆ ಒಗೆಯುವ ಕಪ್ಪು ಹೆಂಗಸರು ಚರ್ಚಿನಲ್ಲಿ ಸೇರಿ ಸಂಘ ಕಟ್ಟಿದರು. ತಿಂಗಳಿಗೆ ಅವರ ಗಳಿಕೆ 4ರಿಂದ 8 ಡಾಲರ್. ಕೇಳಿದ್ದು ಹನ್ನೆರಡು ಪೌಂಡ್ ಬಟ್ಟೆಗೆ 1 ಡಾಲರ್ ಎಂಬ ಒಂದೇ ದರ. ಕೆಲವೇ ವಾರಗಳಲ್ಲಿ ಮುಷ್ಕರ 3,000 ಜನರಿಗೆ ಹಬ್ಬಿತು. ಸಂಘಕ್ಕೆ ಸೇರಿದ ಒಬ್ಬೊಬ್ಬಳ ಮೇಲೂ ವರ್ಷಕ್ಕೆ 25 ಡಾಲರ್ ಪರವಾನಗಿ ಶುಲ್ಕ ಹೇರುವ ಮಾತು ನಗರಸಭೆಯಲ್ಲಿ ಬಂದಾಗ ಅವರು ಮೇಯರ್‌ಗೆ ಪತ್ರ ಬರೆದರು: 25 ಏಕೆ, 50 ಆದರೂ ಕೊಡುತ್ತೇವೆ, ಊರಿನ ಬಟ್ಟೆ ಒಗೆಯುವ ಕೆಲಸ ಪೂರಾ ನಮ್ಮ ಕೈಯಲ್ಲಿ, ನಮ್ಮ ದರದಲ್ಲಿ ಇರಲಿ. ನಗರಸಭೆ ಶುಲ್ಕದ ಮಾತು ಕೈಬಿಟ್ಟಿತು.

ಇವರಿಗೆ ಕಾನೂನಿನ ಬೆಂಬಲ ಬಂದದ್ದು ಬಹಳ ತಡವಾಗಿ. ಕನಿಷ್ಠ ಕೂಲಿಯ 1938ರ ಕಾಯಿದೆ ಮನೆಗೆಲಸದವರನ್ನು ಹೊರಗಿಟ್ಟಿತು. ಅವರು ಒಳಬಂದದ್ದು 1974ರಲ್ಲಿ.

‘ತನ್ನತನ’ ಎಂದು ಕಂಪನಿಗಳು ಹೇಳುವುದಕ್ಕೂ ಇವರು ಹೇಳುವುದಕ್ಕೂ ವ್ಯತ್ಯಾಸವೇನು?

‘ಕೆಲಸಕ್ಕೆ ಬರುವಾಗ ನೀವು ನೀವಾಗಿಯೇ ಬನ್ನಿ’ ಎಂಬ ಪೋಸ್ಟರ್ ಗೋಡೆಗೆ ಅಂಟಿಸುವುದು ಸುಲಭ. ಬಿಳಿ ಗಂಡಸು ತಾನಾಗಿಯೇ ಬಂದರೆ ಬಿಚ್ಚುಮನಸ್ಸಿನವನು ಎನ್ನಿಸಿಕೊಳ್ಳುತ್ತಾನೆ. ಕಪ್ಪು ಮಹಿಳೆ ತಾನಾಗಿಯೇ ಬಂದರೆ, ಅದೇ ಮಾತಿಗೆ, ಸಿಟ್ಟಿನವಳು ಎನ್ನಿಸಿಕೊಳ್ಳಬಹುದು.

ಅದಕ್ಕೇ ಕೋಡ್-ಸ್ವಿಚಿಂಗ್: ಕಚೇರಿ ಬಾಗಿಲಲ್ಲಿ ಮಾತಿನ ಧಾಟಿ, ನಗು, ದನಿಯ ಏರಿಳಿತ, ಕೆಲವೊಮ್ಮೆ ಹೆಸರನ್ನೂ ಬದಲಿಸಿಕೊಳ್ಳುವುದು. ಮಂಗಳೂರು, ಧಾರವಾಡದವರು ಬೆಂಗಳೂರಿನಲ್ಲಿ ಮಾತಿನ ರಾಗ ಬದಲಿಸುವುದು ಇದರ ದೂರದ ನೆಂಟ ಇದ್ದೀತು. ಆದರೆ ನಾವು ರಾಗ ಬದಲಿಸದಿದ್ದರೆ ಯಾರೋ ನಕ್ಕಾರು. ಅಲ್ಲಿ ಸಂಬಳ, ಬಡ್ತಿ ಹೋಗುತ್ತವೆ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಬಾಸ್ಟನ್, ಷಿಕಾಗೊಗಳ ಉದ್ಯೋಗ ಜಾಹೀರಾತುಗಳಿಗೆ ಸುಮಾರು 5,000 ರೆಸ್ಯೂಮೆ ಕಳಿಸಿದರು. ಅರ್ಹತೆಯಲ್ಲಿ ವ್ಯತ್ಯಾಸವಿಲ್ಲ. ‘ಎಮಿಲಿ’ಯಂಥ ಹೆಸರಿದ್ದವಕ್ಕೆ ‘ಲಕೀಶಾ’ದಂಥ ಹೆಸರಿದ್ದವಕ್ಕಿಂತ ಶೇ 50ರಷ್ಟು ಹೆಚ್ಚು ಕರೆ ಬಂತು. 2016ರ ಇನ್ನೊಂದು ಅಧ್ಯಯನದಲ್ಲಿ ಹೆಸರು ಮತ್ತು ಸಂಘಟನೆಗಳ ಉಲ್ಲೇಖವನ್ನು ‘ಬಿಳಿ’ ಮಾಡಿದ ಕಪ್ಪು ಅಭ್ಯರ್ಥಿಗಳ ರೆಸ್ಯೂಮೆಗೆ ಶೇ 25 ಕರೆ, ಹಾಗೇ ಬಿಟ್ಟದ್ದಕ್ಕೆ ಶೇ 10. ವೈವಿಧ್ಯ ನಮಗೆ ಇಷ್ಟ ಎಂದು ಜಾಹೀರಾತಿನಲ್ಲೇ ಬರೆದುಕೊಂಡ ಕಂಪನಿಗಳೂ ಇದಕ್ಕೆ ಹೊರತಾಗಿರಲಿಲ್ಲ.

ಹಾಗಾಗಿ ಯಾರಿಗೂ ‘ಮುಖವಾಡ ಕಿತ್ತೆಸೆ’ ಎಂದು ಉಪದೇಶ ಮಾಡುವ ಹಕ್ಕು ನಮಗಿಲ್ಲ. ಎಲ್ಲಿ, ಯಾವಾಗ, ಎಷ್ಟು ತೆರೆದುಕೊಳ್ಳಬೇಕೆಂಬ ಲೆಕ್ಕ ಅವಳದ್ದು. ಲೆಕ್ಕ ಹಾಕಲು ಒಂದು ಉಪಾಯ: ಬದಲಿಸಿಕೊಳ್ಳುತ್ತಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಬೆನ್ನು ನೋಯುವಂಥವು ಯಾವುವು, ಬರೀ ಅಂಗಿ ಬದಲಿಸಿದಂತಿರುವವು ಯಾವುವು ಎಂದು ಬೇರ್ಪಡಿಸುವುದು. ಗ್ರಾಹಕರ ಎದುರು ಔಪಚಾರಿಕ ಇಂಗ್ಲಿಷ್ ಎರಡನೆಯದು. ಹೆಸರನ್ನು ಬೇರೆಯವರು ಮೊಟಕು ಮಾಡಿ ಕರೆಯುವುದು ಸಾಮಾನ್ಯವಾಗಿ ಮೊದಲನೆಯದು, ಅದನ್ನು ಮೊದಲ ವಾರದಲ್ಲೇ ತಿದ್ದಬೇಕು. ಆರು ತಿಂಗಳ ನಂತರ ತಿದ್ದಲು ಹೊರಟರೆ ‘ಇಷ್ಟು ದಿನ ಏಕೆ ಹೇಳಲಿಲ್ಲ’ ಎಂಬ ಮಾತು ಅವಳ ಮೇಲೇ ತಿರುಗುತ್ತದೆ.

ಕೂದಲಿನ ಬಗ್ಗೆ ಇಷ್ಟೊಂದು ಚರ್ಚೆ ಏಕೆ? ಕೂದಲು ಕೂದಲೇ ಅಲ್ಲವೇ?

ಬಿಗಿಯಾಗಿ ಸುರುಳಿಗೊಳ್ಳುವ ಕೂದಲು ಬಾಚಿದರೆ ಕೆಳಗಿಳಿಯುವುದಿಲ್ಲ, ಮೇಲಕ್ಕೂ ಹೊರಕ್ಕೂ ಬೆಳೆಯುತ್ತದೆ. ಬುಡದ ಎಣ್ಣೆ ತುದಿಗೆ ಇಳಿಯದೆ ಬೇಗ ಒಣಗಿ ಮುರಿಯುತ್ತದೆ. ಅದಕ್ಕೆಂದೇ ಹೆಣೆಯುವ, ತಿರುಚುವ, ಗಂಟಾಗಿಸುವ ಶೈಲಿಗಳಾದ ಬಾಕ್ಸ್ ಬ್ರೇಡ್, ಕಾರ್ನ್‌ರೋ, ಟ್ವಿಸ್ಟ್, ಲಾಕ್ಸ್ ಹುಟ್ಟಿವೆ. ಇವು ಅಲಂಕಾರ ಹೌದು, ಅದಕ್ಕಿಂತ ಮೊದಲು ಕೂದಲು ಉಳಿಸುವ ದಾರಿ. ಬಾಕ್ಸ್ ಬ್ರೇಡ್ ಹಾಕಿಸಿಕೊಳ್ಳಲು ಕುರ್ಚಿಯಲ್ಲಿ 4ರಿಂದ 8 ಗಂಟೆ ಕೂರಬೇಕು, ಆಮೇಲೆ ಆರೆಂಟು ವಾರ ಚಿಂತೆಯಿಲ್ಲ. ತೀರಾ ಎಳೆದು ಹೆಣೆದರೆ ಹಣೆಯಂಚಿನ ಕೂದಲು ಉದುರಿ, ಕೊನೆಗೆ ಬುಡವೇ ಸಾಯುತ್ತದೆ.

ನೇರ ಮಾಡುವ ದಾರಿ ರಿಲ್ಯಾಕ್ಸರ್. ಕಾಸ್ಟಿಕ್ ಸೋಡಾದಂಥ ಪ್ರಬಲ ಕ್ಷಾರ ಅದರಲ್ಲಿರುತ್ತದೆ. ನಿಮಿಷ ಹೆಚ್ಚಾದರೆ ನೆತ್ತಿ ಸುಡುತ್ತದೆ. ಹೊಸ ಕೂದಲು ಸುರುಳಿಯಾಗಿಯೇ ಬರುವುದರಿಂದ 6ರಿಂದ 8 ವಾರಕ್ಕೊಮ್ಮೆ ಮತ್ತೆ ಹಚ್ಚಬೇಕು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ‘ಸಿಸ್ಟರ್ ಸ್ಟಡಿ’ಯ ಫಲಿತಾಂಶ ಪ್ರಕಟಿಸಿದರು: ಹಿಂದಿನ ವರ್ಷ ನಾಲ್ಕಕ್ಕಿಂತ ಹೆಚ್ಚು ಸಲ ಕೂದಲು ನೇರಗೊಳಿಸುವ ರಾಸಾಯನಿಕ ಬಳಸಿದವರಲ್ಲಿ, 70 ವರ್ಷದೊಳಗೆ ಗರ್ಭಾಶಯದ ಕ್ಯಾನ್ಸರ್ ಬರುವ ಅಂದಾಜು ಶೇ 4.05, ಬಳಸದವರಲ್ಲಿ ಶೇ 1.64. ಇದೇ ಕಾರಣ ಎಂದು ಅದು ಸಾಬೀತು ಮಾಡುವುದಿಲ್ಲ, ಸಂಬಂಧ ತೋರಿಸುತ್ತದೆ. ಸಂದರ್ಶನಕ್ಕೆ ಕೂದಲು ನೇರ ಮಾಡಿಕೊಂಡು ಹೋಗು ಎಂದು ಸಲಹೆ ಕೊಡುವವರು ಇದನ್ನೂ ಎಣಿಸಬೇಕು.

ಕೋರ್ಟುಗಳು ಇದನ್ನು ನೋಡಿದ ರೀತಿ ಹೀಗಿದೆ. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ 11 ವರ್ಷ ಕೆಲಸ ಮಾಡಿದ್ದ ರೆನೆ ರಾಜರ್ಸ್ ಕಾರ್ನ್‌ರೋ ಹೆಣೆದುಕೊಂಡದ್ದಕ್ಕೆ ಕಂಪನಿ ತಕರಾರು ಮಾಡಿತು. ತುರುಬು ಕಟ್ಟಿ, ಮೇಲೊಂದು ಕೃತಕ ಕೂದಲಿನ ತುಂಡು ಸುತ್ತಿಕೊಂಡರೆ ಆದೀತು ಎಂದಿತು. ಅದರಿಂದ ವಿಪರೀತ ತಲೆನೋವು ಬರುತ್ತದೆ ಎಂದರು ಆಕೆ. ಹಾಗಾದರೆ ಇನ್ನೂ ದೊಡ್ಡ ತುಂಡು ಬೇಕೇನೋ ಎಂಬರ್ಥದ ಸಾಲು 1981ರ ತೀರ್ಪಿನಲ್ಲಿದೆ. ಅಲಬಾಮಾದ ಚಾಸ್ಟಿಟಿ ಜೋನ್ಸ್‌ಗೆ 2010ರಲ್ಲಿ ಸಿಕ್ಕಿದ್ದ ಕೆಲಸ, ಲಾಕ್ಸ್ ಕತ್ತರಿಸಲು ಒಪ್ಪದ ಕಾರಣ ಹೋಯಿತು. ಕೂದಲಿನ ಶೈಲಿ ಬದಲಿಸಬಹುದಾದದ್ದು, ಹುಟ್ಟಿನಿಂದ ಬಂದ ಲಕ್ಷಣವಲ್ಲ ಎಂದು 2016ರಲ್ಲಿ ಹನ್ನೊಂದನೇ ಸರ್ಕಿಟ್ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು.

ಈ ಕಿಂಡಿ ಮುಚ್ಚಲು ಬಂದದ್ದು ಕ್ರೌನ್ ಕಾಯಿದೆ, ಇಂಥ ಕೂದಲಿನ ಶೈಲಿಯ ಕಾರಣಕ್ಕೆ ತಾರತಮ್ಯ ಮಾಡುವುದನ್ನು ಅದು ನಿಷೇಧಿಸುತ್ತದೆ. ಕ್ಯಾಲಿಫೋರ್ನಿಯಾ ಮೊದಲನೆಯದು, ಜುಲೈ 2019ರಲ್ಲಿ ಸಹಿ, ಜನವರಿ 1, 2020ರಿಂದ ಜಾರಿ. ನಂತರ ನ್ಯೂಯಾರ್ಕ್, ನ್ಯೂಜೆರ್ಸಿ. ಟೆಕ್ಸಸ್‌ನಲ್ಲಿ ಸೆಪ್ಟೆಂಬರ್ 2023ರಿಂದ. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ ಕೆಳಮನೆಯಲ್ಲಿ 2020 ಮತ್ತು 2022ರಲ್ಲಿ ಪಾಸಾಗಿ ಸೆನೆಟ್‌ನಲ್ಲಿ ನಿಂತಿತು. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ‘ನಾನು ಯಾವ ರಾಜ್ಯದಲ್ಲಿದ್ದೇನೆ’ ಎಂಬುದು. ಎರಡನೆಯದು, ಡ್ರೆಸ್ ಕೋಡ್ ಲಿಖಿತವಾಗಿ ಇದೆಯೇ? ‘ಅಚ್ಚುಕಟ್ಟು’, ‘ವೃತ್ತಿಗೆ ತಕ್ಕ’ ಎಂಬ ಪದಗಳಷ್ಟೇ ಇದ್ದರೆ, ಯಾವ ಶೈಲಿ ಆಗದು ಎಂಬುದನ್ನು ಇಮೇಲ್‌ನಲ್ಲಿ ಬರೆದುಕೊಡಲು ಕೇಳಬೇಕು. ಬರೆದುಕೊಡಿ ಎಂದ ಕೂಡಲೇ ಎಷ್ಟೋ ತಕರಾರುಗಳು ಆವಿಯಾಗುತ್ತವೆ.

‘ನಿನ್ನ ಧಾಟಿ ಸ್ವಲ್ಪ ಒರಟು’ ಎಂದು ಅಪ್ರೈಸಲ್‌ನಲ್ಲಿ ಬಂದರೆ?

ಒಪ್ಪುವುದೂ ಬೇಡ, ಅಲ್ಲೇ ವಾದಿಸುವುದೂ ಬೇಡ. ಮೂರು ವಿಷಯ ಕೇಳಬೇಕು: ಯಾವ ದಿನ, ಯಾವ ಮಾತು, ಅದರಿಂದ ಕೆಲಸಕ್ಕೆ ಆದ ತೊಂದರೆ ಏನು? ಉತ್ತರ ಇದ್ದರೆ ಅದು ತಿದ್ದಿಕೊಳ್ಳಬಹುದಾದ ಟೀಕೆ. ಇಲ್ಲದಿದ್ದರೆ ಅದು ‘ಸಿಟ್ಟಿನ ಕಪ್ಪು ಹೆಂಗಸು’ ಎಂಬ ಹಳೆಯ ಅಚ್ಚು. ಮಾತುಕತೆ ಮುಗಿದ ದಿನವೇ ಒಂದು ಸಣ್ಣ ಇಮೇಲ್ ಹೋಗಬೇಕು: ‘ಇಂದು ಧಾಟಿಯ ಬಗ್ಗೆ ಹೇಳಿದಿರಿ, ನಿರ್ದಿಷ್ಟ ಉದಾಹರಣೆ ಕೇಳಿದೆ, ನಂತರ ಕೊಡುತ್ತೇನೆ ಎಂದಿರಿ, ಕಾಯುತ್ತಿರುತ್ತೇನೆ.’ ಇದರಲ್ಲಿ ಸಿಟ್ಟಿಲ್ಲ, ಆದರೆ ದಿನಾಂಕ ಇದೆ.

ಸಭೆಯಲ್ಲಿ ಅವಳು ಹೇಳಿದ್ದು ಹತ್ತು ನಿಮಿಷದ ನಂತರ ಬೇರೆಯವರ ಹೆಸರಿಗೆ ಹೋಗುತ್ತದೆ. ಇದು ನಿಜವೇ, ಭ್ರಮೆಯೇ?

ನಿಜ. 2010ರಲ್ಲಿ ಸೆಸ್ಕೊ ಮತ್ತು ಬಿಯರ್ನಾಟ್ ನಡೆಸಿದ ಪ್ರಯೋಗದಲ್ಲಿ, ಗುಂಪಿನ ಮಾತುಕತೆಯಲ್ಲಿ ಕಪ್ಪು ಮಹಿಳೆಯರು ಆಡಿದ ಮಾತನ್ನು ಯಾರು ಆಡಿದ್ದೆಂದು ಜನ ಹೆಚ್ಚಾಗಿ ತಪ್ಪಾಗಿ ಹೇಳಿದರು. ಅವರ ಮುಖವನ್ನು ಮತ್ತೆ ಗುರುತಿಸುವುದರಲ್ಲೂ ಎಡವಿದರು. ಬೇಕೆಂದೇ ಮಾಡಬೇಕಿಲ್ಲ, ಗಮನವೇ ಹಾಗೆ ಓಡುತ್ತದೆ.

ಮದ್ದು ಕಾಗದದಲ್ಲಿದೆ. ಸಭೆಗೆ ಮೊದಲೇ ಒಂದು ಪುಟದ ಟಿಪ್ಪಣಿ ಹೆಸರು ಸಹಿತ ಎಲ್ಲರಿಗೂ ಹೋಗಿರಲಿ. ಸಭೆಯಲ್ಲಿ ಇನ್ನೊಬ್ಬರು ‘ಇದು ಅವರು ಎರಡನೇ ಪ್ಯಾರಾದಲ್ಲಿ ಹೇಳಿದ್ದು’ ಎಂದು ಒಂದು ಸಾಲು ಸೇರಿಸಲಿ. ಈ ಇನ್ನೊಬ್ಬರು ನೀವಾಗಬಹುದು, ಖರ್ಚು ಐದು ಸೆಕೆಂಡ್. ನಡಾವಳಿ ಬರೆಯುವ ಕೆಲಸ ಮಾತ್ರ ಯಾವಾಗಲೂ ಅವಳ ತಲೆಗೇ ಕಟ್ಟಬೇಡಿ. ಬರೆಯುತ್ತ ಕೂತವರು ಮಾತಾಡುವುದಿಲ್ಲ.

ಬಡ್ತಿ ಎಲ್ಲಿ ನಿಲ್ಲುತ್ತದೆ?

ಮೇಲಿನ ಮಹಡಿಯಲ್ಲಿ ಎಂದುಕೊಳ್ಳುತ್ತೇವೆ. ನಿಲ್ಲುವುದು ಮೊದಲ ಮೆಟ್ಟಿಲಲ್ಲೇ. ಮೆಕಿನ್ಸಿ ಮತ್ತು ಲೀನ್‌ಇನ್ ಸಂಸ್ಥೆಗಳ 2024ರ ವರದಿಯ ಪ್ರಕಾರ, ಮೊದಲ ಸಲ ಮ್ಯಾನೇಜರ್ ಆಗುವ ಪ್ರತಿ 100 ಗಂಡಸರಿಗೆ ಮಹಿಳೆಯರು ಒಟ್ಟಾರೆ 81, ಕಪ್ಪು ಮಹಿಳೆಯರು 54. ಅಲ್ಲಿ ತಪ್ಪಿದ್ದು ಮೇಲೆ ಹೋದಂತೆ ಬೆಳೆಯುತ್ತದೆ.

ಇಲ್ಲಿ ಮೆಂಟರ್ ಬೇರೆ, ಸ್ಪಾನ್ಸರ್ ಬೇರೆ. ಮೆಂಟರ್ ಸಲಹೆ ಕೊಡುತ್ತಾರೆ. ಸ್ಪಾನ್ಸರ್ ಅವಳಿಲ್ಲದ ಕೋಣೆಯಲ್ಲಿ ಅವಳ ಹೆಸರು ಹೇಳುತ್ತಾರೆ. ಉರ್ಸುಲಾ ಬರ್ನ್ಸ್ 1980ರಲ್ಲಿ ಜೆರಾಕ್ಸ್‌ಗೆ ಇಂಟರ್ನ್ ಆಗಿ ಸೇರಿದವರು. 1989ರ ಒಂದು ಸಭೆಯಲ್ಲಿ ವೈವಿಧ್ಯದಿಂದ ಗುಣಮಟ್ಟ ಇಳಿಯುವುದಿಲ್ಲವೇ ಎಂದು ಯಾರೋ ಕೇಳಿದರು. ಹಿರಿಯ ಅಧಿಕಾರಿ ವೇಲ್ಯಾಂಡ್ ಹಿಕ್ಸ್ ಅದಕ್ಕೆ ತಣ್ಣಗೆ ಉತ್ತರಿಸಿದ್ದನ್ನು ಬರ್ನ್ಸ್ ಎಲ್ಲರೆದುರು ಪ್ರಶ್ನಿಸಿದರು. ಆಮೇಲೆ ಹಿಕ್ಸ್ ತಾವೇ ಬರ್ನ್ಸ್ ಅವರನ್ನು ಕರೆಸಿ ಮಾತಾಡುತ್ತ ಬಂದರು, 1990ರಲ್ಲಿ ತಮ್ಮ ಕಾರ್ಯನಿರ್ವಾಹಕ ಸಹಾಯಕಿಯಾಗಿ ತೆಗೆದುಕೊಂಡರು. 2009ರಲ್ಲಿ ಬರ್ನ್ಸ್ ಸಿಇಒ ಆದರು, ಫಾರ್ಚೂನ್ 500 ಕಂಪನಿಯೊಂದರ ಮೊದಲ ಕಪ್ಪು ಮಹಿಳಾ ಸಿಇಒ. ಇದನ್ನು ‘ಧೈರ್ಯದಿಂದ ಮಾತಾಡಿದರೆ ಮೇಲೇರಬಹುದು’ ಎಂಬ ಪಾಠವಾಗಿ ಹಂಚುವವರಿದ್ದಾರೆ. ಕೇಳಿಸಿಕೊಂಡವನ ಪಾಲನ್ನು ಅವರು ಬಿಟ್ಟುಬಿಡುತ್ತಾರೆ.

ಮೇಲೆ ಹೋದ ಮೇಲೂ ಒಂದು ಗುಂಡಿ ಇದೆ. 2012ರ ರೊಸೆಟ್ ಮತ್ತು ಲಿವಿಂಗ್‌ಸ್ಟನ್ ಅಧ್ಯಯನದಲ್ಲಿ, ಸಂಸ್ಥೆ ಸೋತಾಗ ಅದರ ಕಪ್ಪು ಮಹಿಳಾ ನಾಯಕಿಯನ್ನು ಜನ ಉಳಿದವರಿಗಿಂತ ಕಟುವಾಗಿ ಅಳೆದರು. ಮುಳುಗುತ್ತಿರುವ ಯೋಜನೆಯ ಹೊಣೆ ‘ನಿನ್ನಿಂದ ಮಾತ್ರ ಸಾಧ್ಯ’ ಎಂಬ ಮಾತಿನೊಂದಿಗೆ ಬಂದರೆ, ಬಜೆಟ್, ಜನ, ಅವಧಿ, ಗೆಲುವೆಂದರೆ ಏನು ಎಂಬ ನಾಲ್ಕನ್ನೂ ಬರಹದಲ್ಲಿ ಪಡೆದೇ ಒಪ್ಪಬೇಕು.

ವೈವಿಧ್ಯ ಸಮಿತಿ, ಹೊಸಬರಿಗೆ ಮಾರ್ಗದರ್ಶನ, ಕಂಪನಿಯ ಫೋಟೊ ಎಲ್ಲಕ್ಕೂ ಅವಳನ್ನೇ ಕರೆಯುತ್ತಾರೆ. ಬೇಡ ಎನ್ನಬಹುದೇ?

ಪ್ರಾಧ್ಯಾಪಕ ಅಮಾಡೊ ಪಡಿಯಾ ಇದಕ್ಕೆ ‘ಸಾಂಸ್ಕೃತಿಕ ತೆರಿಗೆ’ ಎಂದು ಹೆಸರಿಟ್ಟಿದ್ದಾರೆ. ಒಂದು ತಿಂಗಳು ಗಂಟೆ ಬರೆದಿಡಿ. ವಾರಕ್ಕೆ ನಾಲ್ಕು ಗಂಟೆಯಾದರೆ ಅದು ಕೆಲಸದ ಹತ್ತನೇ ಒಂದು ಭಾಗ. ಆ ಅಂಕಿ ಇಟ್ಟುಕೊಂಡು ಮ್ಯಾನೇಜರನ್ನು ಕೇಳುವುದು: ಇದು ಅಪ್ರೈಸಲ್ ಗುರಿಗಳಲ್ಲಿ ಸೇರುತ್ತದೆಯೇ, ಅಥವಾ ಬೇರೆ ಯಾವ ಕೆಲಸ ಕಡಿಮೆಯಾಗುತ್ತದೆ? ಎರಡಕ್ಕೂ ಇಲ್ಲ ಎಂದರೆ ನಯವಾಗಿ ಬೇಡ ಎನ್ನಬಹುದು.

ಅನ್ಯಾಯವನ್ನು ದಾಖಲಿಸುವುದು ಹೇಗೆ?

ಎಷ್ಟೋ ಪ್ರಕರಣಗಳು ಸೋಲುವುದು ಇಲ್ಲಿ. ಘಟನೆ ನಡೆದ ದಿನವೇ, ಸ್ವಂತ ನೋಟ್‌ಬುಕ್‌ನಲ್ಲಿ, ವಿಶೇಷಣ ಬಳಸದೆ ಬರೆಯಬೇಕು. ಒಂದು ಮಾದರಿ:

‘ಮಾರ್ಚ್ 4, ಮಂಗಳವಾರ, ಬೆಳಿಗ್ಗೆ 10.20. ವಾರದ ವಿಡಿಯೊ ಸಭೆ. ಇದ್ದವರು ಏಳು ಜನ (ಹೆಸರುಗಳು). ಮ್ಯಾನೇಜರ್ ಅಂದದ್ದು: “ಕೂದಲು ಇವತ್ತು ಸ್ವಲ್ಪ ಜಾಸ್ತಿಯಾಯಿತು, ಗ್ರಾಹಕರ ಕರೆಯಲ್ಲಿ ಕ್ಯಾಮೆರಾ ಆಫ್ ಇರಲಿ.” ನಾನು ಅಂದದ್ದು: “ಉಳಿದವರದ್ದೂ ಆಫ್ ಇರುತ್ತದೆಯೇ?” ಉತ್ತರ ಬರಲಿಲ್ಲ. 11.05ಕ್ಕೆ ಇಮೇಲ್ ಕಳಿಸಿದೆ. ಮಾರ್ಚ್ 6ರ ಕರೆಯ ಆಹ್ವಾನದಿಂದ ನನ್ನ ಹೆಸರು ತೆಗೆದಿದ್ದರು.’

‘ಅವಮಾನ ಮಾಡಿದರು’ ಎಂಬ ಪದ ಇದರಲ್ಲಿಲ್ಲ, ಬೇಕಾಗಿಯೂ ಇಲ್ಲ. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ: ಮಾತಿನಿಂದ ಕೆಲಸಕ್ಕೆ ಆದ ನಷ್ಟ. ಅದೇ ಸ್ಥಿತಿಯಲ್ಲಿದ್ದ ಬೇರೆಯವರಿಗೆ ಏನಾಯಿತು ಎಂಬುದನ್ನೂ ಗೊತ್ತಿದ್ದರೆ ಸೇರಿಸಬೇಕು.

ಎರಡು ತಪ್ಪು ಸಾಮಾನ್ಯ. ಕಂಪನಿಯ ಗೋಪ್ಯ ಕಡತಗಳನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳುವುದು ಮೊದಲನೆಯದು. ಸುಪ್ರೀಂ ಕೋರ್ಟಿನ 1995ರ ಮೆಕೆನನ್ ತೀರ್ಪಿನ ಪ್ರಕಾರ, ಹೀಗೆ ಮಾಡಿದ್ದು ನಂತರ ಬಯಲಾದರೂ ಸಿಗಬೇಕಾದ ಪರಿಹಾರ ಕಡಿತವಾಗಬಹುದು. ಸ್ವಂತ ಅಪ್ರೈಸಲ್, ಸಂಬಳದ ಚೀಟಿ ಇಟ್ಟುಕೊಳ್ಳಬಹುದು, ಗ್ರಾಹಕರ ಪಟ್ಟಿ ಮುಟ್ಟಬೇಡಿ. ಗುಟ್ಟಾಗಿ ಧ್ವನಿಮುದ್ರಣ ಎರಡನೆಯದು. ನ್ಯೂಯಾರ್ಕ್‌ನಲ್ಲಿ ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ ಸಾಕು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಫ್ಲಾರಿಡಾದಲ್ಲಿ ಖಾಸಗಿ ಮಾತುಕತೆಗೆ ಎಲ್ಲರ ಒಪ್ಪಿಗೆ ಬೇಕು, ಇಲ್ಲದಿದ್ದರೆ ಅಪರಾಧ.

ದೂರು ಎಲ್ಲಿ, ಎಷ್ಟು ದಿನದೊಳಗೆ?

ಕೆಲಸದಲ್ಲಿ ತಾರತಮ್ಯ ನಿಷೇಧಿಸುವ, 1964ರ ನಾಗರಿಕ ಹಕ್ಕುಗಳ ಕಾಯಿದೆಯ ಏಳನೇ ಅಧ್ಯಾಯ 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ದೂರು ಕೊಡುವುದು ಸಮಾನ ಉದ್ಯೋಗಾವಕಾಶ ಆಯೋಗಕ್ಕೆ, ಅಂದರೆ ಇಇಒಸಿಗೆ. ಗಡುವು ಘಟನೆಯಿಂದ 180 ದಿನ. ಇಂಥದೇ ಕಾನೂನು ಜಾರಿ ಮಾಡುವ ರಾಜ್ಯ ಅಥವಾ ಸ್ಥಳೀಯ ಸಂಸ್ಥೆ ಇರುವಲ್ಲಿ 300 ದಿನ. ಅಲಬಾಮಾ, ಮಿಸಿಸಿಪ್ಪಿ, ಜಾರ್ಜಿಯಾದ ಖಾಸಗಿ ನೌಕರರು 180 ಎಂದೇ ಲೆಕ್ಕ ಹಿಡಿಯಬೇಕು. ಕೇಂದ್ರ ಸರ್ಕಾರದ ನೌಕರರಿಗೆ ಇನ್ನೂ ಕಡಿಮೆ: 45 ದಿನದೊಳಗೆ ತಮ್ಮ ಸಂಸ್ಥೆಯ ಸಮಾನಾವಕಾಶ ಸಲಹೆಗಾರರನ್ನು ಕಾಣಬೇಕು. ಆಯೋಗದಿಂದ ದಾವೆ ಹೂಡಬಹುದೆಂಬ ಪತ್ರ ಬಂದ ಮೇಲೆ ಕೋರ್ಟಿಗೆ ಹೋಗಲು 90 ದಿನ.

ಎಚ್‌ಆರ್‌ಗೆ ಕೊಟ್ಟ ದೂರು ಈ ಗಡಿಯಾರವನ್ನು ನಿಲ್ಲಿಸುವುದಿಲ್ಲ. ‘ತನಿಖೆ ನಡೆಯುತ್ತಿದೆ’ ಎಂಬ ಉತ್ತರ ನಂಬಿ ಆರು ತಿಂಗಳು ಕಾದು ಗಡುವು ಕಳೆದುಕೊಂಡವರು ಬಹಳ.

ಪದಗಳ ಆಯ್ಕೆಯೂ ಮುಖ್ಯ. ‘ಮ್ಯಾನೇಜರ್ ನನ್ನನ್ನು ಸರಿಯಾಗಿ ನಡೆಸಿಕೊಳ್ಳುತ್ತಿಲ್ಲ’ ಎಂದಷ್ಟೇ ಬರೆದರೆ ಸೇಡಿನ ಕ್ರಮದ ವಿರುದ್ಧದ ರಕ್ಷಣೆ ಸಿಗದೆ ಹೋಗಬಹುದು. ‘ಕಪ್ಪು ಮಹಿಳೆಯಾದ ಕಾರಣ ಹೀಗೆ ನಡೆಸಿಕೊಳ್ಳುತ್ತಿದ್ದಾರೆ ಎಂದು ನಂಬುತ್ತೇನೆ’ ಎಂಬ ಸಾಲು ಇರಲೇಬೇಕು. ಅರ್ಜಿಯಲ್ಲಿ ವರ್ಣ, ಲಿಂಗ ಎರಡೂ ಚೌಕಕ್ಕೆ ಗುರುತು ಹಾಕಿ, ವಿವರಣೆಯಲ್ಲಿ ಎರಡೂ ಕೂಡಿ ಎಂದು ಬರೆಯಬೇಕು. ಡಿಗ್ರಾಫೆನ್‌ರೀಡ್ ನೆನಪಿರಲಿ.

ಪರಿಹಾರಕ್ಕೆ ಮಿತಿ ಇದೆ. 1991ರ ತಿದ್ದುಪಡಿ ಮಾನಸಿಕ ನೋವು ಮತ್ತು ದಂಡದ ಪರಿಹಾರವನ್ನು ಸೇರಿಸಿ, 15ರಿಂದ 100 ನೌಕರರಿದ್ದಲ್ಲಿ 50,000 ಡಾಲರ್, 500ಕ್ಕಿಂತ ಹೆಚ್ಚಿದ್ದಲ್ಲಿ 3,00,000 ಡಾಲರ್ ಎಂದು ಮೇಲ್ಮಿತಿ ಇಟ್ಟಿದೆ. ಬಾಕಿ ಸಂಬಳ, ಅಂದರೆ ತಾರತಮ್ಯದಿಂದ ಕೈತಪ್ಪಿದ ಸಂಬಳ, ಇದರ ಹೊರಗೆ. 1866ರ ನಾಗರಿಕ ಹಕ್ಕುಗಳ ಕಾಯಿದೆಯಿಂದ ಬಂದ ‘1981ನೇ ಸೆಕ್ಷನ್‌’ನಡಿ (ಇದು ಇಸವಿಯಲ್ಲ) ವರ್ಣದ ದಾವೆಗೆ ಮಿತಿಯಿಲ್ಲ, ನೌಕರರ ಸಂಖ್ಯೆಯ ಷರತ್ತಿಲ್ಲ, ಸಾಮಾನ್ಯವಾಗಿ 4 ವರ್ಷ ಸಮಯವಿದೆ. ಆದರೆ ಅದು ಲಿಂಗವನ್ನು ಒಳಗೊಳ್ಳುವುದಿಲ್ಲ. ಸುಪ್ರೀಂ ಕೋರ್ಟಿನ 2020ರ ಕಾಮ್‌ಕಾಸ್ಟ್ ತೀರ್ಪಿನ ನಂತರ, ವರ್ಣ ಅಡ್ಡಬರದಿದ್ದರೆ ಈ ನಷ್ಟ ಆಗುತ್ತಲೇ ಇರಲಿಲ್ಲ ಎಂದು ತೋರಿಸಬೇಕಾಗುತ್ತದೆ.

ಸಂಬಳ ಕೇಳುವುದು ತಪ್ಪೇ?

ಅಲ್ಲ. ಖಾಸಗಿ ಸಂಸ್ಥೆಗಳಲ್ಲಿ ಮೇಲ್ವಿಚಾರಕರಲ್ಲದ ನೌಕರರು ಪರಸ್ಪರ ಸಂಬಳ ಮಾತಾಡುವುದನ್ನು 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯಿದೆ ರಕ್ಷಿಸುತ್ತದೆ. ಪೂರ್ಣಾವಧಿ ದುಡಿಯುವ ಕಪ್ಪು ಮಹಿಳೆಗೆ ಬಿಳಿ ಗಂಡಸಿನ ಗಳಿಕೆಯ ಸುಮಾರು ಮೂರನೇ ಎರಡು ಭಾಗ ಸಿಗುತ್ತದೆ. ಆದ್ದರಿಂದ ‘ಹಿಂದಿನ ಸಂಬಳ ಎಷ್ಟಿತ್ತು’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟರೆ ಹಳೆಯ ಅನ್ಯಾಯವೇ ಹೊಸ ಸಂಬಳದ ತಳಪಾಯ. ಹುದ್ದೆಯ ಶ್ರೇಣಿ ಎಷ್ಟು ಎಂದು ಮರುಪ್ರಶ್ನೆ ಹಾಕುವುದೇ ಸರಿ.

ಬಿಟ್ಟು ಹೋಗುವುದು ಸೋಲೇ?

ಸೋಲಲ್ಲ. ರಾಜೀನಾಮೆಗೆ ಮೊದಲು ವಕೀಲರ ಜೊತೆ ಒಂದು ಗಂಟೆ ಕೂರಬೇಕು, ತಾವಾಗಿಯೇ ಬಿಟ್ಟರೆ ಬಾಕಿ ಸಂಬಳದ ಹಕ್ಕು ಕುಗ್ಗುತ್ತದೆ. ಕಂಪನಿ ಹಣ ಕೊಟ್ಟು ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಕೇಳಿದರೆ ಅಲ್ಲೇ ಹಾಕಬಾರದು. 40 ವರ್ಷ ತುಂಬಿದವರಿಗೆ ವಯೋತಾರತಮ್ಯದ ಹಕ್ಕು ಬಿಡಿಸಲು ಕಾನೂನೇ 21 ದಿನ ಯೋಚಿಸಲು, 7 ದಿನ ಹಿಂತೆಗೆದುಕೊಳ್ಳಲು ಕೊಡುತ್ತದೆ. ಆರೋಗ್ಯ ಕೆಟ್ಟಿದ್ದರೆ ಬಿಡುವ ಮೊದಲು ಎಫ್‌ಎಂಎಲ್‌ಎ (ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯಿದೆ) ರಜೆ ನೋಡಿ: 12 ವಾರ, ಸಂಬಳರಹಿತ. ಅದಕ್ಕೆ 12 ತಿಂಗಳ ಸೇವೆ, ಹಿಂದಿನ ವರ್ಷದಲ್ಲಿ 1,250 ಗಂಟೆ ಕೆಲಸ, 75 ಮೈಲಿಯೊಳಗೆ 50 ನೌಕರರು ಇರಬೇಕು.

2025ರ ನಂತರ ಡಿಇಐ (ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆಯ ಕಾರ್ಯಕ್ರಮಗಳು) ಮುಗಿಯಿತು ಎನ್ನುತ್ತಾರೆ. ಕಾನೂನೂ ಹೋಯಿತೇ?

ಇಲ್ಲ. ಅಧ್ಯಕ್ಷರ 1965ರ 11246ನೇ ಆದೇಶ ಜನವರಿ 2025ರಲ್ಲಿ ರದ್ದಾಯಿತು, ಅದು ಸರ್ಕಾರಿ ಗುತ್ತಿಗೆದಾರರಿಗೆ ಸಂಬಂಧಿಸಿದ್ದು. ಏಳನೇ ಅಧ್ಯಾಯ ಸಂಸತ್ತಿನ ಕಾಯಿದೆ, ಅಧ್ಯಕ್ಷರ ಸಹಿಯಿಂದ ಹೋಗುವುದಿಲ್ಲ. ನೌಕರರ ಗುಂಪುಗಳ ಸದಸ್ಯತ್ವವನ್ನು ಒಂದು ವರ್ಣಕ್ಕೆ ಸೀಮಿತ ಮಾಡುವುದು ಕಾನೂನುಬಾಹಿರವಾಗಬಹುದು ಎಂದು ಇಇಒಸಿ ಮಾರ್ಚ್ 2025ರಲ್ಲಿ ಹೇಳಿದೆ. ಹಾಗಾಗಿ ಕಪ್ಪು ಮಹಿಳೆಯರ ವಿಷಯ ನೋಡುವ ಗುಂಪುಗಳು ಬಾಗಿಲು ಎಲ್ಲರಿಗೂ ತೆರೆದಿಟ್ಟು, ಕಾರ್ಯಸೂಚಿಯನ್ನು ತಮ್ಮದಾಗಿಟ್ಟುಕೊಳ್ಳುವುದು ಜಾಣತನ.

ನಾನು ಅಲ್ಲಿ ಮ್ಯಾನೇಜರ್. ನಾವೂ ಅಲ್ಪಸಂಖ್ಯಾತರೇ ಅಲ್ಲವೇ?

ಹೌದು, ಮತ್ತು ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಲು ದಾರಿಯಾದ 1965ರ ವಲಸೆ ಕಾಯಿದೆ ಬಂದದ್ದು ನಾಗರಿಕ ಹಕ್ಕುಗಳ ಚಳವಳಿಯ ಅಲೆಯಲ್ಲೇ. ರಾಷ್ಟ್ರಮೂಲದ ತಾರತಮ್ಯದಿಂದ ನಿಮ್ಮನ್ನು ಕಾಯುವುದೂ ಅದೇ ಏಳನೇ ಅಧ್ಯಾಯ. ಆದರೆ ‘ನಾವು ಕಷ್ಟಪಟ್ಟು ಮೇಲೆ ಬಂದೆವು, ಅವರಿಗೇನು’ ಎಂಬ ಊಟದ ಮೇಜಿನ ಮಾತು ಅಪ್ರೈಸಲ್ ಅಂಕದೊಳಗೆ ನುಸುಳುತ್ತದೆ. ಅಂಕ ಕೊಡುವ ಮೊದಲು ಮಾನದಂಡ ಬರೆದಿಡಿ. ಕಠಿಣ ಟೀಕೆಯನ್ನು ಹೇಳದೆ ನುಂಗಬೇಡಿ, ಕಾರಣ ತಿಳಿಯದವಳು ತಿದ್ದಿಕೊಳ್ಳುವುದು ಹೇಗೆ? ತಂಡದಲ್ಲಿ ಕನ್ನಡ, ಹಿಂದಿ, ತೆಲುಗಿಗೆ ಜಾರಿ ನಿರ್ಧಾರ ಮಾಡಿಬಿಟ್ಟರೆ ಅವಳು ಅದೇ ಕೋಣೆಯಲ್ಲಿದ್ದೂ ಹೊರಗೆ.

ಉತ್ತರ ಕನ್ನಡದ ಸಿದ್ದಿ ಮಹಿಳೆಯರಿಗೂ ಇದೇ ಅನ್ವಯಿಸುತ್ತದೆಯೇ?

ಆಫ್ರಿಕಾ ಮೂಲ ಒಂದೇ, ಕಾನೂನು ಬೇರೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಅವರಿಗೆ 1989ರ ದೌರ್ಜನ್ಯ ತಡೆ ಕಾಯಿದೆ, 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯಿದೆ ಇವೆ. ಅಮೆರಿಕದ ಗಡುವುಗಳನ್ನು ಇಲ್ಲಿಗೆ ತಂದು ಅಂಟಿಸಬೇಡಿ.

ಸಹೋದ್ಯೋಗಿ ಹೊಸದಾಗಿ ಜಡೆ ಹಾಕಿಸಿಕೊಂಡು ಬಂದಿದ್ದಾರೆ. ಮುಟ್ಟಿ ನೋಡಬಹುದೇ ಎಂದು ಕೇಳಲೇ?

ಮುಟ್ಟುವುದೂ ಬೇಡ, ಕೇಳುವುದೂ ಬೇಡ. ಚೆನ್ನಾಗಿದೆ ಅನ್ನಿಸಿದರೆ ಚೆನ್ನಾಗಿದೆ ಎಂದು ಹೇಳಿ, ಕೆಲಸದ ಮಾತಿಗೆ ಬನ್ನಿ.